ಸೀನಿದ ಕೋಳಿಗೆ ಹಾಕಿದ ಹನಿ

ಕೋಳಿಯ ಕಣ್ಣಿಗೆ ಲಸಿಕೆಯ ಹನಿ ಹಾಕುವುದರಲ್ಲಿ ನಮ್ಮ ಭಾವನಿಗೆ ಭೂಮಂಡಲದಲ್ಲಿ ಸಾಟಿಯಿಲ್ಲ. ಅವರು ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಕೋಳಿಗಳು ತಾವಾಗಿಯೇ ಸಾಲು ನಿಂತು ಕಣ್ಣರಳಿಸುತ್ತವೆ. ಕೆಲವು ಆಸೆಬುರುಕಿಗಳು ಎರಡನೇ ಸಲವೂ ಬಂದು ನಿಲ್ಲುತ್ತವೆ. ಮೂವತ್ತು ವರ್ಷದಲ್ಲಿ ಅವರ ಒಂದು ಹನಿ ನೆಲಕ್ಕೆ ಬಿದ್ದದ್ದಿಲ್ಲ, ತೆರೆದ ಒಂದು ಸೀಸೆ ದಂಡವಾದದ್ದಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಹನಿಯಪ್ಪ. ಲಸಿಕೆಗೆ ಬೆರೆಸುವ ನೀಲಿ ಬಣ್ಣ ಹೆಬ್ಬೆರಳಿಗೆ ಎಷ್ಟು ಇಳಿದಿತ್ತೆಂದರೆ, ಮದುವೆಯ ದಿನ ಅದನ್ನು ಕಂಡ ನಮ್ಮಕ್ಕ ಗಂಡಿಗೇನೋ ಕಾಯಿಲೆ ಎಂದು ಅತ್ತಿದ್ದಳು.

ಇಷ್ಟೆಲ್ಲ ಕೊಚ್ಚುತ್ತಿರುವ ನಾನು ಅವರ ಭಾಮೈದ, ಕೋಳಿ ಹಿಡಿದುಕೊಡುವವನು. ಕೈ ತುಂಬ ಕೆಲಸ, ಬಾಯಿಗೆ ಮಾತ್ರ ಬಿಡುವು. ಕೆಡಿಸಿದ್ದೂ ಅದೇ.

ಅಂದು ಮೂರನೇ ಶೆಡ್ಡು. ಇನ್ನೇನು ಮೊಟ್ಟೆಗೆ ಬರಲಿದ್ದ ಎಳೆ ಕೋಳಿಗಳು. ನಡುವೆ ಒಂದು ಸೀನಿತು, ಅದರ ಹಿಂದೆಯೇ ಇನ್ನೊಂದು. ಭಾವ ಕೈ ನಿಲ್ಲಿಸಿದರು. ಶೀತವಿರುವ ಕೋಳಿಗೆ ಈ ಲಸಿಕೆ ಹಾಕಬಾರದೆಂಬುದು ಕೋಳಿ ನೋಡಲು ಬರುವ ಡಾಕ್ಟರಮ್ಮನ ಕಟ್ಟಪ್ಪಣೆ. ಸೀಸೆಯಲ್ಲಿರುವುದೂ ಕೋಳಿಶೀತದ ವೈರಸ್ಸೇ, ಕೊರೊನಾ ಕುಲದ್ದೇ. ಬಲ ಕುಂದಿಸಿರುತ್ತಾರೆ, ಜೀವ ತೆಗೆದಿರುವುದಿಲ್ಲ.

"ಕೇಳಿಸ್ತೇನೋ?" ಅಂದರು.

"ಧೂಳಿಗೆ, ಭಾವ. ಶೀತಾನೇ ಆದ್ರೂ ನಾವು ಹಾಕ್ತಿರೋದು ಶೀತದ ಮದ್ದೇ ಅಲ್ವಾ? ಸೀಸೆ ತೆರೆದಾಗಿದೆ, ಎರಡು ಗಂಟೇಲಿ ಕೆಟ್ಟುಹೋಗುತ್ತೆ. ಹನಿಯಪ್ಪ ಸೀಸೆ ಚೆಲ್ಲಿದ್ರು ಅಂದ್ರೆ ಹುಂಜಗಳೂ ನಗ್ತಾವೆ."

ಭಾವ ನಕ್ಕರು. ಹನಿ ಹಾಕಿದರು. ಸಂಜೆ ಲಸಿಕೆ ಪುಸ್ತಕದಲ್ಲಿ 'ಎಲ್ಲ ಕೋಳಿ ಆರೋಗ್ಯ' ಎಂದು ಬರೆದು ಸಹಿ ಮಾಡಿದರು.

ಆರು ವಾರದೊಳಗೆ ನಾಲ್ಕೂ ಶೆಡ್ಡು ಕೆಮ್ಮತೊಡಗಿದವು. ಮೊಟ್ಟೆಗಳ ಚಿಪ್ಪು ನನ್ನ ಅಜ್ಜಿಯ ಕೆನ್ನೆಗಿಂತ ಸುಕ್ಕು, ಒಡೆದರೆ ಬಿಳಿಭಾಗ ಬರಿ ನೀರು. ಕೋಳಿಮನೆಯ ಯಜಮಾನರ ಕಣ್ಣು ಶೆಡ್ಡು ಗುಡಿಸುವ ಕೆಲಸದ ಅಕ್ಕನ ಮೇಲೆ ಬಿತ್ತು. ಆಕೆ ಬೆಳಿಗ್ಗೆ ಇನ್ನೊಂದು ಕೋಳಿಮನೆಯಲ್ಲೂ ಗುಡಿಸುತ್ತಿದ್ದಳು.

"ನಾನು ಕಾಲು ತೊಳೆದೇ ಒಳಗೆ ಬರೋದು. ನೀವು ನೋಡಿದ್ದೀರಲ್ಲ ಅಣ್ಣ, ಒಂದು ಮಾತು ಹೇಳಿ," ಎಂದು ಆಕೆ ಭಾವನನ್ನು ಕೇಳಿಕೊಂಡಳು. ಭಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ನಾನು ಸೂರು ನೋಡಿದೆ.

ಮರುವಾರ ಡಾಕ್ಟರಮ್ಮ ಪ್ರಯೋಗಾಲಯದ ವರದಿ ತಂದು ಎಲ್ಲರನ್ನೂ ಕೂರಿಸಿದರು. "ಇದು ಬೆರಕೆ ವೈರಸ್ಸು. ಒಂದು ಭಾಗ ಹೊರಗಿನ ರೋಗದ್ದು, ಇನ್ನೊಂದು ಭಾಗ ನಮ್ಮ ಲಸಿಕೆಯದ್ದು. ಎರಡೂ ಒಂದೇ ಕೋಳಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ ಹೀಗಾಗುತ್ತೆ. ವೈರಸ್ಸು ತನ್ನ ನಕಲು ತೆಗೀತಾ ಇರುತ್ತಲ್ಲ, ಎರಡು ಪುಸ್ತಕ ಮುಂದಿಟ್ಟುಕೊಂಡ ಗುಮಾಸ್ತ ತೂಕಡಿಸಿ ಇದರ ಅರ್ಧ, ಅದರ ಅರ್ಧ ಬರೆದ ಹಾಗೆ."

"ನಮ್ಮಲ್ಲೇ ಆಗಿದ್ದಾ?" ಯಜಮಾನರು ಕೇಳಿದರು.

"ಖಚಿತವಾಗಿ ಹೇಳೋಕಾಗಲ್ಲ. ಶೀತದ ಕೋಳಿಗೆ ಲಸಿಕೆ ಹಾಕಿದ್ರೆ ಆಗಬಹುದು. ಆದ್ರೆ ಪುಸ್ತಕದಲ್ಲಿ ಎಲ್ಲ ಆರೋಗ್ಯ ಅಂತಿದೆ. ಹಾಗಾದ್ರೆ ಬೇರೆ ಕಡೆ ಬೆರೆತು ಇಲ್ಲಿಗೆ ಬಂದಿರಬೇಕು."

ಎಲ್ಲರೂ ಗುಡಿಸುವ ಅಕ್ಕನ ಕಡೆ ತಿರುಗಿದರು. ಯಜಮಾನರು, "ನಾಳೆಯಿಂದ ಬರಬೇಡಮ್ಮ," ಎಂದೇಬಿಟ್ಟರು.

ಭಾವ ಎದ್ದು ನಿಂತರು. ಆ ಆರಡಿ ಆಳು ಅಂದು ಕೋಳಿಮರಿಯಷ್ಟು ಕಂಡರು. "ಪುಸ್ತಕದ ಆ ಸಾಲು ಸುಳ್ಳು. ಮೂರನೇ ಶೆಡ್ಡಲ್ಲಿ ಸೀನ್ತಾ ಇದ್ದವು. ಗೊತ್ತಿದ್ದೇ ಹಾಕಿದೆ."

ನನ್ನ ಹೆಸರು ಎತ್ತಲಿಲ್ಲ. ಊರಿಗೆಲ್ಲ ಕೇಳುವ ನನ್ನ ಗಂಟಲಿಂದ ಒಂದು ಕೆಮ್ಮೂ ಹೊರಡಲಿಲ್ಲ. ಇದನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಗುಡಿಸುವ ಅಕ್ಕನ ಕೆಲಸ ಉಳಿಯಿತು. ಭಾವನನ್ನು ಮೊಟ್ಟೆ ಟ್ರೇ ತೊಳೆಯಲು ಹಾಕಿದರು. ಮೊದಲ ದಿನ ಪಕ್ಕದಲ್ಲಿ ಕೂತು ಸಮಾಧಾನ ಹೇಳಹೋದೆ: "ಅದು ಎಲ್ಲಿ ಬೆರೀತು ಅಂತ ಡಾಕ್ಟರಮ್ಮನಿಗೇ ಗೊತ್ತಿಲ್ಲ, ಭಾವ. ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು."

ಅವರು ತಲೆ ಎತ್ತದೆ ಟ್ರೇ ಉಜ್ಜುತ್ತ ಅಂದರು: "ವೈರಸ್ಸು ಎಲ್ಲಿ ಬೆರೀತೋ ಯಾರಿಗೂ ಗೊತ್ತಿಲ್ಲ, ಸರಿ. ಸುಳ್ಳು ಎಲ್ಲಿ ಬೆರೀತು ಅಂತ ನಮ್ಮಿಬ್ಬರಿಗೂ ಗೊತ್ತಲ್ಲ."