ಹಬ್ಬದ ಎಣ್ಣೆನೀರಿಗೆ ಅಡ್ಡ ನಿಲ್ಲುವ ಶಾಂತಿ

ಯುಗಾದಿಯ ಬೆಳಗಿನ ಜಾವ ಐದೂವರೆ. ಹೊಳೆನರಸೀಪುರಕ್ಕೆ ಆರು ಕಿಲೋಮೀಟರ್ ದೂರದ ಈ ಹಳ್ಳಿಯಲ್ಲಿ ಮನೆಮನೆಯ ಹಂಡೆ ಒಲೆಯೂ ಹೊತ್ತಿಕೊಂಡಿದೆ, ಓಣಿ ತುಂಬ ಹೊಗೆ. ಹಬ್ಬದ ದಿನ ಈ ಹೊತ್ತಿನಲ್ಲಿ ಇನ್ನೊಬ್ಬರ ಗೇಟು ಬಡಿಯುವುದು ಮರ್ಯಾದಸ್ಥರ ಲಕ್ಷಣವಲ್ಲ. ಶಾಂತಿ ಬಡಿಯುತ್ತಿದ್ದಾರೆ. ಅದೂ ಚಿಲಕ ಹಿಡಿದು, ಊರಿನ ನಾಯಿಗಳೆಲ್ಲ ಎದ್ದು ಬೊಗಳುವ ಹಾಗೆ.

"ಪೋನ್ ಎತ್ತಾ ಇಲ್ಲ ಮೇಡಂ. ನೆನ್ನೆ ಸಂಜೆಯಿಂದ ಹನ್ನೊಂದ್ ಸಲ ಮಾಡಿದೀನಿ. ಈ ಮನೇಲಿ ಏನೋ ಆಯ್ತದೆ ಅಂತ ನನ್ ಮನ್ಸು ಯೋಳ್ತಾ ಐತೆ," ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ.

ಗೇಟು ತೆರೆಯುವವರು ಮನೆಯ ಯಜಮಾನ ರಂಗಸ್ವಾಮಿ. ಹೆಗಲ ಮೇಲೆ ಟವಲು, ಕೈಯಲ್ಲಿ ತೋರಣದ ಮಾವಿನ ಸೊಪ್ಪು. ಅವರ ಹೆಂಡತಿ ಅನಸೂಯಮ್ಮನವರಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಮುಗಿದು ಈಗ ಹಾಸನದ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ನಡೆಯುತ್ತಿದೆ. ಇಲ್ಲಿಯವರ ಬಾಯಲ್ಲಿ ಅದು ಕರೆಂಟು. ಇಪ್ಪತ್ತೈದು ದಿನ ಕೊಡಬೇಕು, ಹದಿನೆಂಟು ಆಗಿದೆ.

"ಗೌಡ್ರೇ, ಅಮ್ಮಾರ್ಗೆ ಎಣ್ಣೆ ಇಟ್ರಾ?"

"ಅವ್ವ ಬಚ್ಚಲಿಗೆ ಕರ್ಕೊಂಡೋದ್ರು ಕಣವ್ವ. ಈಗಷ್ಟೆ."

"ಬ್ಯಾಡ ಅನ್ನಿ. ಎದೆ ಮೇಲಿನ ಗೆರೆ ಅಳಿಸೋಯ್ತದೆ. ನೆನ್ನೆ ವ್ಯಾನ್ ಇಳಿವಾಗ ಅಷ್ಟೊಂದ್ ಯೋಳಿದ್ನಲ್ಲ."

"ಇಲ್ಲೇ ಇರು, ಯೋಳ್ ಬತ್ತೀನಿ," ಎಂದು ರಂಗಸ್ವಾಮಿ ಒಳಗೆ ಹೋಗುತ್ತಾರೆ. ನಡಿಗೆಯಲ್ಲಿ ಅವಸರವೇ ಕಾಣುವುದಿಲ್ಲ. ಅವ್ವನ ಮುಂದೆ ಬಾಯಿ ಬಿಡಬೇಕೆಂದರೆ ಕೆಲವು ಗಂಡಸರಿಗೆ ಕಾಲೂ ಏಳುವುದಿಲ್ಲ. ನನಗೆ ಸಿಟ್ಟು ಬರುತ್ತಿದೆ.

ಅವರು ಬರುವಷ್ಟರಲ್ಲಿ ಗೆರೆಯ ವಿಷಯ ಹೇಳಿಬಿಡುತ್ತೇನೆ. ಕರೆಂಟು ಕೊಡುವ ಮೊದಲು ಆಸ್ಪತ್ರೆಯವರು ರೋಗಿಯ ಮೈಮೇಲೆ ನೇರಳೆ ಇಂಕಿನಲ್ಲಿ ಗೆರೆ ಎಳೆಯುತ್ತಾರೆ. ಮೆಷಿನ್ನಿನ ಕಿರಣ ದಿನವೂ ಅದೇ ಜಾಗಕ್ಕೆ ಬೀಳಬೇಕು, ಅದಕ್ಕೆ ಗೆರೆಯೇ ಗುರುತು. ಚಿಕಿತ್ಸೆ ಮುಗಿಯುವವರೆಗೆ ಅದರ ಮೇಲೆ ಎಣ್ಣೆ, ಸೋಪು, ಸೀಗೆಪುಡಿ ಬೀಳುವಂತಿಲ್ಲ. ಅಳಿಸಿದರೆ ಮತ್ತೆ ಸ್ಕ್ಯಾನು, ಮತ್ತೆ ಸರದಿ, ಒಂದು ವಾರ ಹೋಯಿತು ಅಂತಲೇ ಲೆಕ್ಕ. ನಡುವೆ ಹಾಗೆ ಬಿಡುವು ಬಿದ್ದರೆ ಚಿಕಿತ್ಸೆಯ ಬಲ ಕುಗ್ಗುತ್ತದೆ ಎನ್ನುತ್ತಾರೆ ವೈದ್ಯರು.

ಇತ್ತ ನಮ್ಮ ಕಡೆಯ ಸಂಪ್ರದಾಯ ನೋಡಿ. ಯುಗಾದಿಯಂದು ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸೀಗೆಪುಡಿ ಹಾಕಿ ಉಜ್ಜದಿದ್ದರೆ ಹೊಸ ವರ್ಷವೇ ಹುಟ್ಟುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ 'ಗುರುತು ಅಳಿಸಬೇಡಿ' ಎಂದಿದೆಯೇ ಹೊರತು ಯುಗಾದಿಯ ಹೆಸರಿಲ್ಲ. ಬರೆಯಬೇಕೆಂದು ತೋಚಬೇಕಾದರೆ ಬರೆಯುವವರು ಒಮ್ಮೆಯಾದರೂ ಹಂಡೆ ಒಲೆಯ ಮುಂದೆ ಕೂತಿರಬೇಕು.

ನಲವತ್ತೆರಡರ ಶಾಂತಿ ಹಾಸನದ ಸಣ್ಣ ಟ್ರಸ್ಟೊಂದರ ವ್ಯಾನಿನಲ್ಲಿ ಕೆಲಸ ಮಾಡುತ್ತಾರೆ. ಊರು ಅರಕಲಗೂಡು ತಾಲ್ಲೂಕಿನದು. ಮನೆಯಲ್ಲಿ ಕೂಲಿ ಮಾಡಿ ಮಾಡಿ ಬೆನ್ನು ಬಾಗಿದ ಅಪ್ಪ ಪಾಪಯ್ಯ, ಪಿಯುಸಿ ಓದುವ ಮಗಳು ಕವನಾ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಆರಕ್ಕೆ ಅರಕಲಗೂಡು ಬಿಡುವ ವ್ಯಾನು ಹೊಳೆನರಸೀಪುರ ಸುತ್ತಿ ಹಾಸನ ಸೇರುತ್ತದೆ. ಚನ್ನರಾಯಪಟ್ಟಣದ ಕಡೆಯವರು ಬಸ್ಸಿನಲ್ಲಿ ಬಂದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತಾರೆ. ಸದ್ಯ ಹದಿಮೂರು ರೋಗಿಗಳು, ಅವರ ಜೊತೆಗೆ ಒಬ್ಬೊಬ್ಬರು, ಹೋಗಿ ಬಂದರೆ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್. ವ್ಯಾನಿನ ಹಿಂದಿನ ಸೀಟಿಗೆ ಶಾಂತಿ ಹಳೆ ಸೀರೆಯ ಪರದೆ ಕಟ್ಟಿದ್ದಾರೆ. ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಿ ಸೆರಗು ಸರಿಸಬೇಕು. ಗೆರೆ ಇದೆಯೆಂದು ಕಣ್ಣಾರೆ ಕಂಡಮೇಲೆಯೇ ವ್ಯಾನು ಮುಂದಕ್ಕೆ ಹೋಗುವುದು.

"ಜೊತೇಲಿ ಬರೋರ್ನೂ ನೋಡ್ಕಬೇಕು ಮೇಡಂ. ಕಾಯ್ಲೆ ಬಂದೋರು ಅತ್ತು ಹಗುರ ಆಯ್ತಾರೆ. ನೋಡ್ಕೊಳೋರು ಅಳಂಗೂ ಇಲ್ಲ, ಉಣ್ಣಂಗೂ ಇಲ್ಲ. ಇಳಿದೇಟ್ಗೆ ನಾನು ಮೊದ್ಲು ಅವ್ರಿಗೆ ಕಾಪಿ ಕುಡಿಸ್ತೀನಿ," ಎನ್ನುತ್ತಾರೆ ಶಾಂತಿ.

ಹಬ್ಬಕ್ಕೆ ವ್ಯಾನಿಲ್ಲ, ಆಸ್ಪತ್ರೆಗೂ ರಜೆ. ಶಾಂತಿಗೆ ಮಾತ್ರ ವರ್ಷದಲ್ಲೇ ಇದು ದೊಡ್ಡ ಕೆಲಸದ ದಿನ. ಫೋನಿನಲ್ಲಿ ಹೇಳಿದರೂ ನಂಬಿಕೆ ಬಾರದ ಮನೆಗಳಿಗೆ ಹಳೆಯ ಟಿವಿಎಸ್ ಹತ್ತಿ ತಾವೇ ಹೋಗುತ್ತಾರೆ. ಇದು ಇವತ್ತಿನ ಮೂರನೆಯ ಮನೆ. ಹಿಂದೆ ಕೂತು ಬಂದ ನನ್ನ ಸೊಂಟ ನನ್ನ ಮಾತು ಕೇಳುತ್ತಿಲ್ಲ.

ರಂಗಸ್ವಾಮಿ ಹೊರಗೆ ಬರುತ್ತಾರೆ. ಮಾವಿನ ಸೊಪ್ಪು ಇನ್ನೂ ಕೈಯಲ್ಲೇ ಇದೆ.

"ಅವ್ವ ಕೇಳ್ತಾ ಇಲ್ಲ. ಮೈ ಕಾದೋಗೈತೆ, ಹರಳೆಣ್ಣೆ ಇಟ್ರೆ ತಂಪಾಯ್ತದೆ ಅಂತಾರೆ."

"ಕಾಯ್ಲೆ ಏನು ಅಂತ ಅವ್ರಿಗೆ ಯೋಳಿದೀರಾ?"

ರಂಗಸ್ವಾಮಿ ನೆಲ ನೋಡುತ್ತಾರೆ. "ಗಡ್ಡೆ ತೆಗ್ಸಿದ್ದು ಅಂದಿದೀವಿ. ಎಂಬತ್ ವರ್ಷದ ಜೀವ. ಆ ಹೆಸ್ರು ಹೆಂಗ್ ಯೋಳದು?"

ಪಾಪ, ಅವರ ಬಾಯಲ್ಲಿ ಆ ಹೆಸರು ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಹದಿನೆಂಟು ದಿನವೂ ಶಾಂತಿ ಅನಸೂಯಮ್ಮನವರನ್ನು ತಂದು ಬಿಟ್ಟದ್ದು ಈ ಗೇಟಿನವರೆಗೆ. ಒಳಗೆ ಬಾ ಎಂದು ಯಾರೂ ಕರೆದಿಲ್ಲ, ಇವರೂ ಹೋಗಿಲ್ಲ. ಶಾಂತಿಯದು ಯಾವ ಕೇರಿ ಎಂದು ಈ ಮನೆಗೆ ಗೊತ್ತು, ಕರೆಯದಿರಲು ಅಷ್ಟೇ ಸಾಕಾಗಿತ್ತು. ಇದು ಅಜ್ಜಿ ಕಾಲದ ಕತೆಯಲ್ಲ, ಮೊನ್ನೆ ಮೊನ್ನೆಯದು. ಈಗ ಶಾಂತಿ ಚಪ್ಪಲಿ ಬಿಟ್ಟು, ರಂಗಸ್ವಾಮಿಯವರ ಪಕ್ಕದಿಂದಲೇ ಹಾದು, ಜಗಲಿ ಏರಿ, ನಡುಮನೆ ದಾಟಿ ಹಿತ್ತಿಲ ಬಚ್ಚಲಿಗೆ ನಡೆಯುತ್ತಾರೆ. ನಾನೂ ಹೆಂಗಸೆಂಬ ಧೈರ್ಯದಲ್ಲಿ ಹಿಂದೆಯೇ ಹೋಗುತ್ತೇನೆ.

ಬಚ್ಚಲು ತುಂಬ ಹಬೆ. ಮಣೆಯ ಮೇಲೆ ಐವತ್ತರ ಅನಸೂಯಮ್ಮ ಎದೆಗೆ ಸೀರೆ ಅವುಚಿಕೊಂಡು ಕೂತಿದ್ದಾರೆ. ನೆತ್ತಿಯ ಎಣ್ಣೆ ಕುತ್ತಿಗೆಗೆ ಇಳಿದಿದೆ. ಅವರ ಅತ್ತೆ ದೊಡ್ಡತಾಯಮ್ಮ ಬಟ್ಟಲಲ್ಲಿ ಕೈ ಅದ್ದಿ ಸೊಸೆಯ ಭುಜದಿಂದ ಕೆಳಕ್ಕೆ ತಿಕ್ಕತೊಡಗಿದ್ದಾರೆ. ಶಾಂತಿ ಆ ಕೈಯನ್ನು ಹಿಡಿದುಬಿಡುತ್ತಾರೆ.

"ಯಾರೇ ನೀನು? ನನ್ ಕೈ ಹಿಡ್ಕತೀಯಾ?"

"ವ್ಯಾನಿನ್ ಶಾಂತಿ ಕಣ್ರವ್ವಾರೆ. ಆಮೇಲ್ ಬೇಕಾದ್ರೆ ಬಯ್ರಿ, ಒಡೀರಿ. ಎಣ್ಣೆ ಮಾತ್ರ ಬ್ಯಾಡ."

"ನೋಡಿಲ್ಲಿ, ನನ್ ಸೊಸೆ ಮೈಯ. ಸುಟ್ಟ ಬದನೆಕಾಯಿ ಆದಂಗೆ ಆಗೈತೆ. ತಂಪು ಮಾಡ್ಬ್ಯಾಡ ಅನ್ನಕ್ಕೆ ನೀನ್ಯಾರು?"

ಶಾಂತಿ ಕೈ ಬಿಡುವುದಿಲ್ಲ, ಧ್ವನಿ ಮಾತ್ರ ತಗ್ಗುತ್ತದೆ. "ನಮ್ಮವ್ವಂಗೂ ಇಂಗೇ ಆಗಿತ್ತು. ಪಾರ್ವತಮ್ಮ ಅಂತ. ಏಳು ವರ್ಷದ್ ಕೆಳಗೆ, ಇದೇ ಅಬ್ಬ. ಆ ಗೆರೆ ನಾನು ಕೊಳೆ ಅನ್ಕಂಡೆ. ಆಸ್ಪತ್ರೆಯೋರು ಗೀಚಿ ಕಳ್ಸವ್ರೆ, ಅಬ್ಬದ ದಿನನಾದ್ರೂ ಅವ್ವ ಚೊಕ್ಕಾಗ್ಲಿ ಅಂತ ನಿಂಬೆಹಣ್ಣು ಹಾಕಿ ಉಜ್ದೆ. ಈ ಕೈಲೇ. ಮತ್ತೆ ಗೆರೆ ಎಳ್ಸಕ್ಕೆ ಒಂಬತ್ ದಿನ ಆಯ್ತು. ಅಷ್ಟ್ರಲ್ಲಿ ಅವ್ವ, ಸಾಕ್ ಬುಡು ಮಗ, ನಾನಿನ್ ಬರಕಿಲ್ಲ ಅಂದ್ಬುಡ್ತು. ದೀಪಾವಳಿಗೆ ಅವ್ವ ಇರ್ಲಿಲ್ಲ."

ದೊಡ್ಡತಾಯಮ್ಮ ಸೊಸೆಯ ಕಡೆ ತಿರುಗುತ್ತಾರೆ. "ಯಾವ್ ಕಾಯ್ಲೆನೇ ಅನ್ಸೂಯ ನಿಂಗೆ?"

"ಕ್ಯಾನ್ಸರು ಕಣತ್ತೆ."

ಮುದುಕಿ ಬಟ್ಟಲು ಕೆಳಗಿಡುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡು, ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಅಳುತ್ತಾರೆ. ಶಾಂತಿಗೆ ಅಳಲೂ ಪುರುಸೊತ್ತಿಲ್ಲ. ಒಣ ಬಟ್ಟೆ ಹುಡುಕಿ, ಇಳಿಯುವ ಎಣ್ಣೆಯನ್ನು ಒರೆಸದೆ ಮೆಲ್ಲಗೆ ಒತ್ತಿ ಒತ್ತಿ ತೆಗೆಯುತ್ತಿದ್ದಾರೆ. ಮೂರು ಗೆರೆಗಳಲ್ಲಿ ಎರಡು ನೆಟ್ಟಗಿವೆ. ಭುಜದ ಕೆಳಗಿನದು ಕಲಸಿಹೋಗಿದೆ.

ಉಳಿದ ಎರಡು ಸಾಕೋ ಸಾಲದೋ ನಾಳೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಶುಕ್ರವಾರ. ನಾಳೆ ಕೊಡದಿದ್ದರೆ ಶನಿವಾರ, ಭಾನುವಾರ ಕರೆಂಟು ಇಲ್ಲ, ಆಮೇಲೆ ಮತ್ತೆ ಸ್ಕ್ಯಾನಿಗೆ ಸರದಿ. ರಂಗಸ್ವಾಮಿ ಗೇಟಿನವರೆಗೆ ಬರುತ್ತಾರೆ. ಅವರೆದುರೇ ಶಾಂತಿಯನ್ನು ಕೇಳುತ್ತೇನೆ, ನಿಮಗೆ ಹಬ್ಬದ ಎಣ್ಣೆ ಯಾರು ಇಡುತ್ತಾರೆ ಎಂದು.

"ಅವ್ವ ತೀರೋದ್ಮೇಲೆ ತಲೆಗೆ ಎಣ್ಣೆ ಮುಟ್ಸಿಲ್ಲ ಮೇಡಂ. ಬಟ್ಟಲು ಕಂಡ್ರೆ ಕೈ ನಡುಗ್ತದೆ."

ಅವ್ವನ ಕಾಯಿಲೆ ಆಗಲೇ ಎಲ್ಲ ಕಡೆ ಹರಡಿತ್ತು, ಆ ಒಂಬತ್ತು ದಿನವೇ ಕಾರಣವಲ್ಲ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದಾರಂತೆ. ಶಾಂತಿ ಒಪ್ಪುವುದಿಲ್ಲ.

ಮಾರನೆ ದಿನ ವರ್ಷತೊಡಕು, ಬಾಡೂಟದ ದಿನ. ಹಳ್ಳಿಗೆ ಹಳ್ಳಿಯೇ ಮಸಾಲೆ ಅರೆಯುತ್ತಿದೆ. ವ್ಯಾನು ನಿಂತಾಗ ಗೇಟಿನಲ್ಲಿ ಅನಸೂಯಮ್ಮನ ಜೊತೆ ರಂಗಸ್ವಾಮಿ ಇಲ್ಲ, ದೊಡ್ಡತಾಯಮ್ಮ ಇದ್ದಾರೆ. ಕಂಕುಳಲ್ಲೊಂದು ಕೈಚೀಲ. ಹತ್ತಿದವರೇ ಶಾಂತಿಯ ಪಕ್ಕದಲ್ಲಿ ಕೂರುತ್ತಾರೆ.

ಅನಸೂಯಮ್ಮ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಬಾಗಿಲ ಮೇಲೊಂದು ಕೆಂಪು ದೀಪವಿದೆ. ಅದು ಹತ್ತಿದರೆ ಕರೆಂಟು ಶುರುವಾಯಿತೆಂದು ಅರ್ಥ. ದಿನವೂ ಐದು ನಿಮಿಷಕ್ಕೆ ಹತ್ತುವ ದೀಪ ಇಂದು ಹತ್ತು ನಿಮಿಷವಾದರೂ ಹತ್ತಿಲ್ಲ. ಒಬ್ಬ ಡಾಕ್ಟರು ಒಳಗೆ ಹೋಗುತ್ತಾರೆ. ಹದಿನೈದು ನಿಮಿಷ. ಡಾಕ್ಟರು ಹೊರಬಂದು, ಯಾರ ಮುಖವನ್ನೂ ನೋಡದೆ ಪಕ್ಕದ ಕೋಣೆಗೆ ನುಗ್ಗಿ, ಫೈಲು ಹಿಡಿದು ಮತ್ತೆ ಒಳಗೆ ಹೋಗುತ್ತಾರೆ. ಶಾಂತಿ ಕೂತಲ್ಲಿ ಕೂರುತ್ತಿಲ್ಲ. "ನಾನು ಇನ್ನೊಂದ್ ಐದ್ ನಿಮಿಷ ಮುಂಚೆ ಓಗ್ಬೇಕಾಗಿತ್ತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಮತ್ತೆ ಮತ್ತೆ.

ಡಾಕ್ಟರು ಹೊರಗೆ ಬರುತ್ತಾರೆ. "ಎರಡು ಗೆರೆ ಇದ್ದದ್ದರಿಂದ ಮೂರನೆಯದನ್ನು ಹೊಂದಿಸಿ ಎಳೆದಿದ್ದೇವೆ. ಅವೂ ಹೋಗಿದ್ದರೆ ಕಷ್ಟವಿತ್ತು," ಎನ್ನುತ್ತಾರೆ. ಬಾಗಿಲು ಮುಚ್ಚುತ್ತದೆ. ದೀಪ ಹತ್ತುತ್ತದೆ.

ಶಾಂತಿ ಗೋಡೆಗೊರಗಿ ಹಾಗೇ ನೆಲದ ಮೇಲೆ ಕೂತುಬಿಡುತ್ತಾರೆ. "ಹತ್ತೊಂಬತ್ತು," ಎನ್ನುತ್ತಾರೆ. ಇನ್ನು ಆರು.

ಬೆಂಚಿನ ಮೇಲೆ ಕೂತ ದೊಡ್ಡತಾಯಮ್ಮ ಕೈಚೀಲದಿಂದ ಸಣ್ಣದೊಂದು ಶೀಸೆ ತೆಗೆಯುತ್ತಾರೆ. ಹರಳೆಣ್ಣೆ.

"ನಮ್ ರಂಗ ಯೋಳ್ದ. ಏಳ್ ವರ್ಷದಿಂದ ತಲೆಗೆ ಎಣ್ಣೆ ಮುಟ್ಸಿಲ್ವಂತೆ ನೀನು. ಬಾ ಇಲ್ಲಿ, ಮುಂದಕ್ಕೆ."

ಶಾಂತಿ ಅಲುಗುವುದಿಲ್ಲ. ಮುದುಕಿಯೇ ಬಗ್ಗಿ, ಅಂಗೈಗೆ ಹುಯ್ದುಕೊಂಡು ಅವರ ನೆತ್ತಿಗೆ ಒತ್ತುತ್ತಾರೆ. ಕಾಯುತ್ತಾ ಕೂತ ರೋಗಿಗಳು, ಜೊತೆಯವರು ಎಲ್ಲ ತಿರುಗಿ ನೋಡುತ್ತಾರೆ. ಶಾಂತಿ ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಕಣ್ಣು ಮುಚ್ಚುತ್ತಾರೆ.

"ಜೋರಾಯ್ತೇನೇ?" ಕೇಳುತ್ತಾರೆ ದೊಡ್ಡತಾಯಮ್ಮ.

"ಇಲ್ಲ. ನನ್ ಮೈಮೇಲೆ ಗೆರೆ ಇಲ್ಲ. ಚೆನ್ನಾಗಿ ತಿಕ್ಕವ್ವ."