ಒಸಿ ಮೇಲೆ ಹಿಡಿ

ಸಿದ್ದ, ಅವತ್ತು ನಿನ್ನ ಗುರಿ ತಪ್ಪಲಿಲ್ಲ, ನಾನು ತಪ್ಪಿಸಿದೆ. ಆ ರೈಫಲ್ಲು ಗುಂಡನ್ನು ಮೇಲಕ್ಕೆ ಒಗೆಯುತ್ತದೆ ಅಂತ ಗೊತ್ತಿದ್ದೂ ನಿನಗೆ ಉಲ್ಟಾ ಹೇಳಿದೆ.

ನಮೀಬಿಯಾದಲ್ಲಿ ವ್ಯಾಪಾರ ಮಾಡುವ ನನ್ನ ಸೋದರಮಾವ ಊರಿಗೆ ಬಂದು, "ಕಾಡುಕೋಣದ ಶಿಕಾರಿಗೆ ಅಲ್ಲಿ ಪರ್ಮಿಟ್ ಕೊಡ್ತಾರೆ ಕಣ್ರಲಾ, ನಿಮ್ಮಿಬ್ರಲ್ಲಿ ಚೆಂದಾಗಿ ಹೊಡಿಯೋನ್ನ ಕರ್ಕೊಂಡೋಯ್ತೀನಿ" ಅಂದಾಗ — ಅಬ್ಬಬ್ಬಾ! ಚನ್ನಪಟ್ಟಣದಲ್ಲಿ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಮೊಬೈಲಿನಲ್ಲಿ ರೈಫಲ್ ನೋಡಿದ್ದೇ ನೋಡಿದ್ದು. ಎಲ್ಲಕ್ಕಿಂತ ದಪ್ಪ ಗುಂಡಿನದೇ ಬೇಕು ಅಂತ ನೀನು ಹಟ ಹಿಡಿದೆ. ಮಾವ ನಕ್ಕರು: "ಗುಂಡು ದಪ್ಪ ಇದ್ರೆ ಆಯ್ತೇನ್ಲಾ? ಅದು ಒದ್ದಾಗ ಕಣ್ಣು ಮುಚ್ಚಬಾರ್ದು. ತ್ರೀ ಸೆವೆಂಟಿಫೈವ್ ರೈಫಲ್ಲೇ ಸಾಕು."

ಬೊಂಬೆ ಮಾಡುವ ನಿನ್ನ ಲೇತಿನಲ್ಲೇ ನೀನು ನಳಿಗೆ ಕಡೆದು, ಹಿಡಿಯೊಳಗೆ ಕಬ್ಬಿಣ ತುಂಬಿ, ನಿಜವಾದದ್ದರಷ್ಟೇ ತೂಕದ ಮರದ ರೈಫಲ್ ಮಾಡಿದೆ. ಅದಕ್ಕೆ ಕೆಂಪು ಅರಗಿನ ಬಣ್ಣ ಬೇರೆ! ಮೂರು ಕೋಲು ಕಟ್ಟಿ, ಅದರ ಮೇಲಿಟ್ಟು, ಬೈರಾಪಟ್ಟಣದ ಎಮ್ಮೆಗಳಿಗೆ ಗುರಿ ಹಿಡಿದು "ಢಂ" ಅನ್ನುತ್ತಿದ್ದೆವು. "ಥೂ ನಿಮ್ಮ ಮಕಕ್ ಬೆಂಕಿ ಆಕ, ಹಾಲು ಇಂಗೋಯ್ತದೆ!" ಅಂತ ಎಮ್ಮೆ ಕಾಯುವ ಅಜ್ಜಿ ಅಟ್ಟಿಸಿಕೊಂಡು ಬಂದದ್ದು ನೆನಪಿದೆಯಾ? ನಕ್ಕು ನಕ್ಕು ಓಡಲೂ ಆಗಲಿಲ್ಲ.

ಆಮೇಲೆ ಬೆಂಗಳೂರಿನ ಶೂಟಿಂಗ್ ರೇಂಜಿನಲ್ಲಿ ನಿಜವಾದ ರೈಫಲ್ಲು, ಮಾವನ ಪರೀಕ್ಷೆ. ನಾನು ಮೊದಲು. ಆ ಒದೆ — ಭುಜ ಕಿತ್ತುಹೋಯಿತು ಅನ್ನಿಸಿದರೂ ಖುಷಿಯಲ್ಲಿ ಕಿರುಚಿಬಿಟ್ಟೆ! ಗುಂಡು ಗುರಿಗಿಂತ ಮೇಲೆ ಬಿದ್ದಿತ್ತು. ಕೆಳಗೆ ಹಿಡಿದು ಹೊಡೆದೆ, ನಟ್ಟನಡುವೆ ಬಿತ್ತು. ಅದೇ ಹೊತ್ತಿಗೆ ನೀನು ಬಂದು ಪಿಸುಗುಟ್ಟಿದೆ, "ಹೆಂಗೈತ್ಲಾ?"

ನನಗಿಂತ ನಿನ್ನ ಗುರಿ ಚೆನ್ನ — ಅದು ನನಗೆ ಗೊತ್ತಿತ್ತು. ಹೋಗಲೇಬೇಕು ಅನ್ನುವ ಆಸೆ —

"ಒಸಿ ಮೇಲೆ ಹಿಡಿ ಕಣ್ಲಾ."

ನೀನು ನಂಬಿದೆ. ನಿನ್ನ ಗುಂಡುಗಳು ಗುರಿಯ ಹಾಳೆಗೇ ತಾಗಲಿಲ್ಲ.

ನಾನು ಹೋದೆ, ಕೋಣ ಹೊಡೆದೆ, ಕೊಂಬು ಹಿಡಿದು ನಿಂತ ಫೋಟೊ ನಿನಗೇ ಮೊದಲು ಕಳಿಸಿದೆ. ಇವತ್ತಿಗೂ ಆ ಫೋಟೊ ನೋಡಿದರೆ ಮೈ ಜುಂ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ! ಆದರೆ ಹೋದ ವಾರ ನಿನ್ನ ಅಂಗಡಿಗೆ ಬಂದಾಗ, ಕುದುರೆ ಬೊಂಬೆಗಳಿಗೆ ನಿನ್ನ ಹೆಂಡತಿ ಕಣ್ಣು ಬರೆಯುತ್ತಿದ್ದಳು. ಕಣ್ಣು ಬರೆಯುವ ಕೆಲಸ ಯಾವಾಗಲೂ ನಿನ್ನದೇ; ಯಾಕೋ ಬಿಟ್ಟೆ ಅಂತ ಕೇಳಿದೆ. "ರೇಂಜಲ್ಲಿ ನೋಡಿದ್ಯಲ್ಲಾ, ನನ್ ಕಣ್ಣು ಕೆಟ್ಟೋಗೈತೆ, ಅವತ್ತಿಂದ ಕುಂಚ ಮುಟ್ಟಕ್ಕೆ ಭಯ" ಅಂತ ನೀನು ನಕ್ಕೆ.

ನನಗೆ ನಗು ಬರಲಿಲ್ಲ. ಕುಂಚ ತಗೊ ಸಿದ್ದ. ನಿನ್ನ ಕಣ್ಣಿಗೆ ಏನೂ ಆಗಿಲ್ಲ.