ಒಣಗಲಿ, ಮುಟ್ಟಬ್ಯಾಡ್ರಿ

ಬ್ರೂಸ್‌ಪೇಟೆಯಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದ ಚಾಚಾ ನಮ್ಮ ರಿಮೋಟ್ ಕಾರುಗಳಿಗೂ ಟೈರು ಕೂರಿಸಿಕೊಡುತ್ತಿದ್ದರು. ರೇಸಿಗೆ ಬೇಕಾದದ್ದು ಗೆರೆಯಿಲ್ಲದ ನುಣುಪು ಟೈರು. ಮೆತ್ತನೆಯದೋ ಗಟ್ಟಿಯದೋ ಎಂದು ಕೇಳಿದರೆ, ಕಂಟೋನ್ಮೆಂಟಿನಲ್ಲಿ ನಾವು ರೇಸು ಓಡಿಸುತ್ತಿದ್ದ ಸಿಮೆಂಟ್ ಅಂಗಳಕ್ಕೇ ಬಂದು, ಕೈ ಮಗುಚಿ ನೆಲಕ್ಕೆ ಒತ್ತಿ, ಜ್ವರ ನೋಡುವವರಂತೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ನೆಲದ ಕಾವಿಗೆ ತಕ್ಕ ಟೈರು ಆರಿಸಿ, ಚಕ್ರದ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹನಿಹನಿಯಾಗಿ ಅಂಟು ಬಿಟ್ಟು, ಪ್ರತಿ ಸಲವೂ ಹೇಳುತ್ತಿದ್ದರು: “ಒಣಗಲಿ, ಮುಟ್ಟಬ್ಯಾಡ್ರಿ.”

ನನಗೆ ಮುಟ್ಟದೆ ಇರಲಾಗುತ್ತಿರಲಿಲ್ಲ. ಸಿರುಗುಪ್ಪದವರ ಎದುರು ಫೈನಲ್ ಇದ್ದ ದಿನ, ಅಂಟು ಹಿಡಿದಿದೆಯೋ ಇಲ್ಲವೋ ಎಂಬ ದಿಗಿಲಿಗೆ, ಚಾಚಾ ಅತ್ತ ತಿರುಗಿದಾಗ ಟೈರಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಚೆನ್ನಾಗಿಯೇ ಹಿಡಿದಿತ್ತು, ನಾನು ಎತ್ತಿದ್ದಕ್ಕೇ ಬಿಟ್ಟುಕೊಂಡಿತು. ಮತ್ತೆ ಒತ್ತಿ ಸುಮ್ಮನಾದೆ. ಆ ರೇಸು ಮುಗಿಯುವವರೆಗೂ ನನಗೆ ಬೇರೇನೂ ಕಾಣಲಿಲ್ಲ, ಆ ಒಂದು ಟೈರು ಬಿಟ್ಟು. ಕೊನೆಯ ತಿರುವಿನಲ್ಲಿ ಅದು ಕಳಚಿ ಹಾರಿತು, ಕಾರು ಪಲ್ಟಿಯಾಯಿತು.

ನಮ್ಮ ತಂಡದವರೆಲ್ಲ ಚಾಚಾನನ್ನು ಸುತ್ತುವರಿದರು. ಅವರು ಟೈರನ್ನು ಬಿಸಿಲಿಗೆ ಹಿಡಿದು, ಅಂಚಿನ ಉಗುರು ಗುರುತಿನ ಮೇಲೆ ಹೆಬ್ಬೆರಳಾಡಿಸಿದರು. ನಾನು ಉಗುರುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

“ಅಂಟು ಹಾಕಿದಾಂವ ನಾನ ಅದೀನಿ. ನನ್ನ ಕೇಳ್ರಿ,” ಎಂದರು.

ಮುಂದಿನ ರೇಸಿಗೆ ಅಂಟು ಹಾಕಿದ ಮೇಲೆ ಅವರು ಆ ಹಳೆಯ ಮಾತು ಹೇಳಲಿಲ್ಲ. ಎರಡು ಗ್ಲಾಸು ಬಿಸಿ ಚಹಾ ತರಿಸಿ, ನನ್ನ ಎರಡೂ ಕೈಗೆ ಒಂದೊಂದು ಕೊಟ್ಟರು.

“ನಂದೂ ನೀವ ಹಿಡ್ಕೊಂಡಿರ್ರಿ, ಒಣಗೋತನ.”